ಒಂದೇ ಕಾವಿನಡಿ ಎರಡು ಗಾತ್ರದ ಮರಿಗಳು

ಕೋಳಿಮರಿ ಹುಟ್ಟುವಾಗ ಎಷ್ಟು ತೂಗುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದನ್ನು ಹೊತ್ತ ಮೊಟ್ಟೆಯ ತೂಕವೇ. ಮೊಟ್ಟೆಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮರಿಯಾಗಿ ಹೊರಬರುತ್ತದೆ. ಉಳಿದ ಪಾಲಿನಲ್ಲಿ ಒಂದಷ್ಟು ಕಾವಿನ ದಿನಗಳಲ್ಲಿ ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಆವಿಯಾಗಿ ಹೋಗಿರುತ್ತದೆ, ಇನ್ನೊಂದಷ್ಟು ಚಿಪ್ಪು ಮತ್ತು ಪೊರೆಯಾಗಿ ಹಿಂದುಳಿಯುತ್ತದೆ. ಹೀಗಾಗಿ 58 ಗ್ರಾಂ ತೂಕದ ಮೊಟ್ಟೆಯಿಂದ 38ರಿಂದ 40 ಗ್ರಾಂ ತೂಗುವ ಮರಿ ಬಂದರೆ, 30 ಗ್ರಾಂ ತೂಕದ ಬ್ಯಾಂಟಮ್ ಮೊಟ್ಟೆಯಿಂದ ಬರುವುದು 20 ಗ್ರಾಂನ ಮರಿ. ಆದರೆ ಇವೇ ಮರಿಗಳು ಬೆಳೆದು ಹುಂಜಗಳಾದಾಗ ಲೆಕ್ಕ ಬೇರೆಯಾಗುತ್ತದೆ. ಅಮೆರಿಕದ ತಳಿಮಾನದ ಪ್ರಕಾರ ದೊಡ್ಡ ಗಾತ್ರದ ಬ್ರಹ್ಮ ತಳಿಯ ಹುಂಜ ಸುಮಾರು 5.4 ಕಿಲೋ ತೂಗಬೇಕು, ಅದೇ ತಳಿಯ ಬ್ಯಾಂಟಮ್ ಹುಂಜ ಒಂದು ಕಿಲೋಗಿಂತ ತುಸು ಹೆಚ್ಚು. ಲೆಗ್‌ಹಾರ್ನ್ ತಳಿಯಲ್ಲಿ ಇವೆರಡು ಸುಮಾರು 2.7 ಕಿಲೋ ಮತ್ತು 740 ಗ್ರಾಂ. ಹುಟ್ಟಿನಲ್ಲಿ ಎರಡು ಪಟ್ಟಿನ ಒಳಗಿದ್ದ ಅಂತರ ಪ್ರಾಯಕ್ಕೆ ಬರುವ ಹೊತ್ತಿಗೆ ನಾಲ್ಕೈದು ಪಟ್ಟಾಗಿರುತ್ತದೆ.

ಬ್ಯಾಂಟಮ್ ಮರಿಗಳನ್ನೂ ಸಾಮಾನ್ಯ ಗಾತ್ರದ ಮರಿಗಳನ್ನೂ ಒಂದೇ ಗೂಡಿನಲ್ಲಿ ಸಾಕಬಹುದೇ ಎಂಬ ಪ್ರಶ್ನೆಗೆ ಸಾಕಣೆದಾರರಿಂದ ಬರುವ ಉತ್ತರಗಳು ಒಂದಕ್ಕೊಂದು ವಿರುದ್ಧವಾಗಿರುವುದಕ್ಕೆ ಈ ಹಿಗ್ಗುವ ಅಂತರವೇ ಕಾರಣ. ಏನೂ ತೊಂದರೆಯಾಗಲಿಲ್ಲ ಎನ್ನುವವರು ಮೊದಲ ಎರಡು ವಾರಗಳನ್ನು ನೆನೆದು ಹೇಳುತ್ತಿರುತ್ತಾರೆ, ಸಣ್ಣವೆಲ್ಲ ಸತ್ತವು ಎನ್ನುವವರು ಮೊದಲ ಎರಡು ದಿನಗಳನ್ನೋ ಐದನೆಯ ವಾರವನ್ನೋ ನೆನೆದು ಹೇಳುತ್ತಿರುತ್ತಾರೆ. ಇಬ್ಬರ ಮಾತೂ ನಿಜವಿರಬಹುದು. ಗಾತ್ರಭೇದವು ಮರಿಗಳ ಬದುಕಿನ ಒಂದೊಂದು ಹಂತದಲ್ಲಿ ಒಂದೊಂದು ಬಗೆಯ ಅಪಾಯವನ್ನು ತರುವುದರಿಂದ, ಒಟ್ಟಿಗೆ ಸಾಕುವ ನಿರ್ಧಾರವನ್ನು ಒಮ್ಮೆ ಮಾಡಿ ಮುಗಿಸದೆ ಪ್ರತಿ ವಾರವೂ ಸಣ್ಣ ಮರಿಗಳ ಸ್ಥಿತಿಯನ್ನು ನೋಡಿ ಹೊಸದಾಗಿ ಮಾಡಬೇಕಾಗುತ್ತದೆ.

ಬ್ಯಾಂಟಮ್ ಎಂದರೆ ಕುಬ್ಜ ಗಾತ್ರದ ಸಾಕುಕೋಳಿ. ಇವುಗಳಲ್ಲಿ ಎರಡು ಬಗೆಯುಂಟು. ದೊಡ್ಡ ಗಾತ್ರದ ಜೋಡಿಯೇ ಇಲ್ಲದೆ ಮೊದಲಿನಿಂದಲೂ ಸಣ್ಣದಾಗಿಯೇ ಇರುವ ತಳಿಗಳು ಒಂದು ಬಗೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸರ್ ಜಾನ್ ಸೀಬ್ರೈಟ್ ರೂಪಿಸಿದ, ಪ್ರತಿ ಗರಿಗೂ ಕಪ್ಪು ಅಂಚಿರುವ ಸೀಬ್ರೈಟ್, ಜಪಾನಿನ ಗಿಡ್ಡಗಾಲಿನ ಚಾಬೊ, ಅರ್ಧ ಕಿಲೋ ಕೂಡ ತೂಗದ ಮಲೇಷ್ಯಾದ ಸೆರಾಮ ಈ ಗುಂಪಿಗೆ ಸೇರುತ್ತವೆ. ದೊಡ್ಡ ತಳಿಯನ್ನು ಆಯ್ದು ಆಯ್ದು ಕೂಡಿಸಿ, ರೂಪ ಕೆಡದಂತೆ ನಾಲ್ಕನೆಯ ಅಥವಾ ಐದನೆಯ ಒಂದು ಪಾಲಿಗೆ ಇಳಿಸಿದ ಬ್ರಹ್ಮ, ಕೊಚಿನ್, ವಯಂಡಾಟ್ ಮುಂತಾದವುಗಳ ಕಿರುರೂಪಗಳು ಇನ್ನೊಂದು ಬಗೆ. ಕರ್ನಾಟಕದಲ್ಲಿ ಬೆಂಗಳೂರು, ಮಂಗಳೂರಿನಂಥ ಊರುಗಳ ಹವ್ಯಾಸಿಗಳು ತಾರಸಿಯಲ್ಲೋ ಹಿತ್ತಲಿನಲ್ಲೋ ಸಾಕುವ ‘ಫ್ಯಾನ್ಸಿ ಕೋಳಿ’ಗಳಲ್ಲಿ ಈ ಎರಡೂ ಬಗೆಯವು ಇರುತ್ತವೆ, ಅವುಗಳ ಜೊತೆಗೆ ಮನೆಯ ಮೊಟ್ಟೆಗೆಂದು ನಾಟಿ ಕೋಳಿಯೂ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರ ಕೋಳಿಗಳೂ ಇರುವುದುಂಟು. ನಾಟಿ ಕೋಳಿ ಬ್ಯಾಂಟಮ್ ಅಲ್ಲವಾದರೂ ಗಿರಿರಾಜಕ್ಕಿಂತ ಎಷ್ಟೋ ಸಣ್ಣದು. ಆದ್ದರಿಂದ ಬ್ಯಾಂಟಮ್ ಎಂಬ ಹೆಸರನ್ನೇ ಕೇಳದ ರೈತನ ಹಟ್ಟಿಯಲ್ಲಿಯೂ ಎರಡು ಗಾತ್ರದ ಮರಿಗಳನ್ನು ಕೂಡಿ ಸಾಕುವ ಪ್ರಶ್ನೆ ಇದ್ದೇ ಇದೆ.

ಮೊದಲ ಹಂತದ ಅಪಾಯ ಚಳಿಯದು. ಆಗತಾನೇ ಹುಟ್ಟಿದ ಮರಿ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ಅದರ ಮೈಮೇಲಿನ ನಯವಾದ ತುಪ್ಪುಳು ಹೊದಿಕೆಯಾಗಲು ಸಾಲದು, ಮೈಯ ಒಳಬಿಸಿ ದೊಡ್ಡ ಕೋಳಿಯ ಸುಮಾರು 41 ಡಿಗ್ರಿ ಸೆಲ್ಸಿಯಸ್ ಮಟ್ಟಕ್ಕೆ ಬಂದು ನೆಲೆಗೊಳ್ಳಲು ಒಂದೂವರೆಯಿಂದ ಎರಡು ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ತಾಯಿಯ ರೆಕ್ಕೆಯ ಕೆಲಸವನ್ನು ಬ್ರೂಡರ್, ಅಂದರೆ ಬಲ್ಬು ಅಥವಾ ಬೇರೆ ಶಾಖದ ಮೂಲವಿರುವ ಕಾವಿನ ಗೂಡು, ಮಾಡಬೇಕು. ಮೊದಲ ವಾರ 32ರಿಂದ 35 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಕೆ ಎಂಬ ಸೂತ್ರವನ್ನು ಪುಸ್ತಕಗಳು ಹೇಳುತ್ತವೆ, ಆದರೆ ಈ ಸೂತ್ರ ಸಾಮಾನ್ಯ ಗಾತ್ರದ ಮರಿಗಳನ್ನು ಮನಸ್ಸಿನಲ್ಲಿಟ್ಟು ಹೇಳಿದ್ದು. ವಸ್ತು ಸಣ್ಣದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಹೊರಮೈಯ ವಿಸ್ತಾರ ಹೆಚ್ಚಾಗುತ್ತದೆ ಎಂಬುದು ರೇಖಾಗಣಿತದ ನಿಯಮ; ಅದರಂತೆ 40 ಗ್ರಾಂ ಮರಿಗಿಂತ 20 ಗ್ರಾಂ ಮರಿಗೆ ಪ್ರತಿ ಗ್ರಾಂ ತೂಕಕ್ಕೆ ಶೇ 25ಕ್ಕೂ ತುಸು ಹೆಚ್ಚು ಹೊರಮೈ ಇರುತ್ತದೆ, ಬಿಸಿ ಸೋರಿಹೋಗುವುದು ಈ ಹೊರಮೈಯಿಂದಲೇ. ದೊಡ್ಡ ಮರಿಗಳಿಗೆ ಹಿತವೆನಿಸುವ ಬಿಸಿಯಲ್ಲಿ ಬ್ಯಾಂಟಮ್ ಮರಿಗಳು ನಡುಗುತ್ತ ಕೀಚಲು ದನಿಯಲ್ಲಿ ಒಂದೇ ಸಮನೆ ಕೂಗುತ್ತಿರುವುದು ಇದರಿಂದಲೇ.

ಹಾಗೆಂದು ಗೂಡನ್ನೆಲ್ಲ ಸಣ್ಣ ಮರಿಗಳಿಗೆ ಬೇಕಾದಷ್ಟು ಕಾಯಿಸಿದರೆ ದೊಡ್ಡವು ಬಾಯಿ ತೆರೆದು ತೇಕುತ್ತವೆ, ಮೇವು ಬಿಡುತ್ತವೆ, ಅವುಗಳ ಹಿಕ್ಕೆ ತೆಳುವಾಗಿ ಗುದದ್ವಾರಕ್ಕೆ ಅಂಟಿ ಒಣಗಿ ಅದನ್ನೇ ಮುಚ್ಚಿಬಿಡುವುದೂ ಉಂಟು. ಇದಕ್ಕೆ ಪರಿಹಾರ ಬಿಸಿಯನ್ನು ಗೂಡಿನ ಒಂದು ಬದಿಗೆ ಇಟ್ಟು, ಇನ್ನೊಂದು ಬದಿಯನ್ನು ತಂಪಾಗಿ ಬಿಟ್ಟು, ನಡುವೆ ಮರಿಗಳು ತಮಗೆ ಬೇಕಾದ ಜಾಗವನ್ನು ತಾವೇ ಆರಿಸಿಕೊಳ್ಳುವಷ್ಟು ಉದ್ದ ಇರಿಸುವುದು. ಚೌಕಾಕಾರದ ಚಿಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ಇದು ಸಾಧ್ಯವಿಲ್ಲ. ಎರಡು ಗಾತ್ರದ ಮರಿಗಳಿಗೆ ಉದ್ದನೆಯ ಗೂಡೇ ಆಗಬೇಕು. ಎರಡು ಬಲ್ಬುಗಳನ್ನು ಬೇರೆ ಬೇರೆ ಎತ್ತರದಲ್ಲಿ ತೂಗುಹಾಕುವುದು ಇನ್ನೂ ಒಳ್ಳೆಯದು, ಯಾಕೆಂದರೆ ಒಂದೇ ಬಲ್ಬಿನ ಅಡಿಯ ಬೆಚ್ಚನೆಯ ವೃತ್ತಕ್ಕೆ ಎಲ್ಲ ಮರಿಗಳೂ ನುಗ್ಗಿದಾಗ ಅಡಿಗೆ ಸಿಕ್ಕುವುದು ಸಣ್ಣವೇ. ರಾತ್ರಿಯ ಚಳಿಯಲ್ಲಿ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ರಾಶಿಬಿದ್ದು ಅಡಿಯವು ಉಸಿರುಗಟ್ಟಿ ಸಾಯುವುದು ಸಾಕಣೆಯಲ್ಲಿ ಎಲ್ಲರಿಗೂ ಗೊತ್ತಿರುವ ಅವಘಡ; ಮಿಶ್ರ ಗುಂಪಿನಲ್ಲಿ ಅದಕ್ಕೆ ಬಲಿಯಾಗುವವು ಯಾವುವು ಎಂಬುದನ್ನು ಊಹಿಸಲು ಕಷ್ಟವಿಲ್ಲ. ಗೂಡಿನ ಮೂಲೆಗಳಿಗೆ ರಟ್ಟನ್ನು ಬಾಗಿಸಿ ಇಟ್ಟು ಗುಂಡಗೆ ಮಾಡಿದರೆ ರಾಶಿಬೀಳುವ ಜಾಗವೇ ಇಲ್ಲವಾಗುತ್ತದೆ. ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವ ಮಲೆನಾಡಿನಲ್ಲಿ ಬಲ್ಬಿನ ಜೊತೆಗೆ ಬೇರೆ ಏರ್ಪಾಡೂ ಇರಲೇಬೇಕು, ಆದರೆ ಇದ್ದಿಲಿನ ಬುಖಾರಿಯನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟರೆ ಅದರ ವಿಷಾನಿಲ ಮರಿಗಳಿಗೂ ಮನುಷ್ಯರಿಗೂ ಸಮಾನ ಅಪಾಯಕಾರಿ. ಇದಕ್ಕೆ ತೀರ ವಿರುದ್ಧವಾಗಿ ರಾಯಚೂರು, ಕಲಬುರಗಿಯ ಏಪ್ರಿಲ್–ಮೇ ತಿಂಗಳ ಹಗಲಿನಲ್ಲಿ ಬಲ್ಬಿನ ಅಗತ್ಯವೇ ಬೀಳದಿರಬಹುದು. ಆಗ ದೊಡ್ಡ ಮರಿಗಳೇ ಮೊದಲು ಬಳಲುತ್ತವೆ.

ಗಾತ್ರವೊಂದನ್ನೇ ನೋಡಿ ಬಿಸಿಯನ್ನು ನಿರ್ಧರಿಸುವುದೂ ತಪ್ಪಾದೀತು. ರೆಕ್ಕೆಪುಕ್ಕ ಬೇಗ ಬರುವುದೋ ತಡವಾಗಿ ಬರುವುದೋ ಎಂಬುದು ತಳಿಯ ಗುಣ; ಪಕ್ಷಿಗಳಲ್ಲಿ ಲಿಂಗವನ್ನು ನಿರ್ಧರಿಸುವ ಝಡ್ ವರ್ಣತಂತುವಿನ ಮೇಲಿರುವ ಒಂದು ಜೀನ್ ಅದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಲೆಗ್‌ಹಾರ್ನ್‌ನಂಥ ಹಗುರ ತಳಿಗಳಿಗೆ ಬೇಗ ಪುಕ್ಕ ಮೂಡುತ್ತದೆ, ಕೊಚಿನ್ ಮತ್ತು ಬ್ರಹ್ಮದಂಥ ಏಷ್ಯಾ ಮೂಲದ ಭಾರಿ ತಳಿಗಳಿಗೆ ತಡವಾಗಿ. ಆದ್ದರಿಂದ ನಾಲ್ಕನೆಯ ವಾರದಲ್ಲಿ ಮೈತುಂಬ ಪುಕ್ಕ ಹೊದ್ದ ಬ್ಯಾಂಟಮ್ ಮರಿ ತಂಪು ಬದಿಯಲ್ಲಿ ಓಡಾಡುತ್ತಿರುವಾಗ, ಅದರ ಎರಡು ಮೂರು ಪಟ್ಟು ತೂಗುವ ಬ್ರಹ್ಮ ಮರಿ ಬೆತ್ತಲೆ ಬೆನ್ನಿನೊಂದಿಗೆ ಬಲ್ಬಿನಡಿಯೇ ಕುಳಿತಿರಬಹುದು. ಬೇಗ ರೆಕ್ಕೆ ಬರುವುದರಿಂದ ಇನ್ನೊಂದು ಪರಿಣಾಮವೂ ಇದೆ: ಎರಡು ವಾರ ತುಂಬುವ ಮೊದಲೇ ಬ್ಯಾಂಟಮ್ ಮರಿಗಳು ಒಂದಡಿ ಎತ್ತರದ ಗೋಡೆಯನ್ನು ಹಾರಿ ದಾಟಬಲ್ಲವು, ದಾಟಿದವು ಬಿಸಿಯಿಲ್ಲದ ಹೊರಗಡೆ ಸಿಕ್ಕಿಕೊಂಡು ಬೆಳಗಾಗುವಷ್ಟರಲ್ಲಿ ಸತ್ತಿರುತ್ತವೆ ಅಥವಾ ಬೆಕ್ಕಿನ ಬಾಯಿಗೆ ಬೀಳುತ್ತವೆ. ಗೂಡಿಗೆ ಮೇಲುಬಲೆ ಬೇಕು, ಅದರ ಕಣ್ಣು ಅರ್ಧ ಅಂಗುಲಕ್ಕಿಂತ ದೊಡ್ಡದಿರಬಾರದು; ದೊಡ್ಡ ಮರಿಗಳನ್ನು ತಡೆಯುವ ಒಂದು ಅಂಗುಲದ ಕಣ್ಣಿನಲ್ಲಿ ಬ್ಯಾಂಟಮ್ ಮರಿ ನುಸುಳಿಹೋಗುತ್ತದೆ.

ನೀರು ಮತ್ತು ನೆಲದ ವಿಚಾರದಲ್ಲಿ ಹೇಳಬೇಕಾದದ್ದು ಕಡಿಮೆ, ಆದರೆ ಮೊದಲ ವಾರದ ಸಾವುಗಳಲ್ಲಿ ತೀರ ಸುಲಭವಾಗಿ ತಪ್ಪಿಸಬಹುದಾದವು ಇಲ್ಲಿಯೇ ಇವೆ. ದೊಡ್ಡ ಮರಿಗೆ ಕಾಲು ಒದ್ದೆಯಾಗುವಷ್ಟು ಆಳದ ನೀರಿನ ತಟ್ಟೆ ಬ್ಯಾಂಟಮ್ ಮರಿಗೆ ಮುಳುಗಿ ಸಾಯುವಷ್ಟು ಆಳ. ತಟ್ಟೆಯ ಅಂಚಿನಲ್ಲಿ ನಿಂತು ಕುಡಿಯುತ್ತಿರುವ ಸಣ್ಣ ಮರಿಯನ್ನು ಹಿಂದಿನಿಂದ ಬಂದ ದೊಡ್ಡದು ಒಳಗೆ ತಳ್ಳಲು ದ್ವೇಷವೇನೂ ಬೇಕಿಲ್ಲ, ಬಾಯಾರಿಕೆ ಸಾಕು. ತಟ್ಟೆಯ ತುಂಬ ಗೋಲಿಗಳನ್ನೋ ಚೆನ್ನಾಗಿ ತೊಳೆದ ಬೆಣಚುಕಲ್ಲುಗಳನ್ನೋ ಹಾಕಿ, ಅವುಗಳ ಸಂದಿಯಲ್ಲಷ್ಟೇ ನೀರು ನಿಲ್ಲುವಂತೆ ಮಾಡಿದರೆ ಈ ಸಾವು ನಿಲ್ಲುತ್ತದೆ. ನೆಲಕ್ಕೆ ಭತ್ತದ ಹೊಟ್ಟು ಅಥವಾ ಮರದ ಒರಟು ಹೊಟ್ಟು ಒಳ್ಳೆಯದು. ಬರಿಯ ಪತ್ರಿಕೆಯ ಹಾಳೆ ಜಾರುವುದರಿಂದ ಮರಿಗಳ ಕಾಲು ಎರಡು ಬದಿಗೆ ಸೋತು ಅಗಲವಾಗಿ ಉಳಿಯುತ್ತವೆ. ಹೀಗೆ ಕಾಲು ಸೋತ ಮರಿ ಮಿಶ್ರ ಗುಂಪಿನ ಓಡಾಟದಲ್ಲಿ ತುಳಿತಕ್ಕೆ ಸಿಕ್ಕಿದರೆ ಉಳಿಯುವುದು ಅಪರೂಪ.

ಮೇವಿನ ವಿಷಯ ಇಷ್ಟು ಸರಳವಲ್ಲ. ಮರಿಗಳಿಗೆ ಕೊಡುವ ‘ಸ್ಟಾರ್ಟರ್’ ಆಹಾರದಲ್ಲಿ ಸುಮಾರು ಶೇ 20ರಷ್ಟು ಪ್ರೋಟೀನ್ ಇದ್ದರೆ ಎರಡೂ ಗಾತ್ರದವುಗಳಿಗೆ ಸಾಕು. ಮಾಂಸದ ಕೋಳಿಗಳ ಆಹಾರ ಇನ್ನೂ ಹೆಚ್ಚು ಪುಷ್ಟಿಯದು, ಅದನ್ನು ಕೊಟ್ಟರೆ ದೊಡ್ಡ ಮರಿಗಳು ಇನ್ನಷ್ಟು ವೇಗವಾಗಿ ಬೆಳೆದು ಗಾತ್ರದ ಅಂತರ ಮತ್ತೂ ಹಿಗ್ಗುತ್ತದೆ. ಮೊಟ್ಟೆಯಿಡುವ ಕೋಳಿಗಳ ಆಹಾರವನ್ನಂತೂ ಯಾವ ಮರಿಗೂ ಕೊಡಬಾರದು, ಅದರಲ್ಲಿ ಶೇ 3.5ರಿಂದ 4ರಷ್ಟಿರುವ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಎಳೆಯ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಹೊಟ್ಟೆಗೆ ಏನು ಹೋಗಬೇಕೆಂಬುದು ಎರಡಕ್ಕೂ ಒಂದೇ. ಅದು ಹೊಟ್ಟೆಗೆ ಹೋಗುವ ದಾರಿ ಮಾತ್ರ ಬೇರೆ. ಕಾಳಿನ ಗಾತ್ರ ದೊಡ್ಡದಿದ್ದರೆ ಬ್ಯಾಂಟಮ್ ಮರಿಯ ಕೊಕ್ಕು ಅದನ್ನು ಹಿಡಿಯದು, ಹಾಗಾಗಿ ಆಹಾರವನ್ನು ರವೆಯಷ್ಟು ಸಣ್ಣಗೆ ಪುಡಿಮಾಡಿ ಕೊಡಬೇಕಾಗುತ್ತದೆ. ಮೇವಿನ ತಟ್ಟೆಯ ಅಂಚನ್ನು ಹಕ್ಕಿಯ ಬೆನ್ನಿನ ಮಟ್ಟಕ್ಕೆ ಏರಿಸುತ್ತ ಹೋಗಬೇಕೆಂಬುದು ಸಾಕಣೆಯ ಸಾಮಾನ್ಯ ನಿಯಮವಾದರೂ, ಮಿಶ್ರ ಗುಂಪಿನಲ್ಲಿ ದೊಡ್ಡವುಗಳ ಬೆನ್ನಿನ ಮಟ್ಟಕ್ಕೆ ಏರಿಸಿದ ತಟ್ಟೆ ಸಣ್ಣವುಗಳ ತಲೆಯ ಮೇಲಿರುತ್ತದೆ. ಒಂದು ತಟ್ಟೆಯ ಬದಿಯಲ್ಲಿ ಇಟ್ಟಿಗೆಯೊಂದನ್ನು ಮೆಟ್ಟಿಲಾಗಿ ಇಡಬಹುದು; ಅದಕ್ಕಿಂತ ಒಳ್ಳೆಯದು ತಗ್ಗಿನ ತಟ್ಟೆಯೊಂದನ್ನು ಗೂಡಿನ ಬೇರೆ ತುದಿಯಲ್ಲಿ ಪ್ರತ್ಯೇಕವಾಗಿ ಇಡುವುದು. ಒಂದು ತಟ್ಟೆಯನ್ನು ಬಲಿಷ್ಠ ಮರಿಯೊಂದು ಕಾಯ್ದುಕೊಂಡು ನಿಲ್ಲಬಲ್ಲದು, ದೂರದೂರದಲ್ಲಿರುವ ಮೂರು ತಟ್ಟೆಗಳನ್ನು ಕಾಯಲಾರದು.

ಸಣ್ಣ ಮರಿಗೆ ಮೇವು ಸಿಗುತ್ತಿದೆಯೇ ಎಂಬುದನ್ನು ತಟ್ಟೆ ನೋಡಿ ತಿಳಿಯಲಾಗುವುದಿಲ್ಲ. ಸಂಜೆ ಮರಿಯನ್ನು ಕೈಗೆತ್ತಿಕೊಂಡು ಕುತ್ತಿಗೆಯ ಬುಡದಲ್ಲಿರುವ ಮೇವಿನ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ದಿನವಿಡೀ ತಿಂದ ಮರಿಯದು ತುಂಬಿ ಮೆತ್ತಗೆ ಉಬ್ಬಿರುತ್ತದೆ, ಹಸಿದದ್ದರದು ಚಪ್ಪಟೆಯಾಗಿರುತ್ತದೆ. ಹುಟ್ಟಿದ ಮರಿಯ ಹೊಟ್ಟೆಯೊಳಗೆ ಉಳಿದಿರುವ ಹಳದಿ ಭಂಡಾರ ಎರಡು ದಿನಗಳ ಮಟ್ಟಿಗೆ ಅದನ್ನು ಪೊರೆಯುವುದರಿಂದ, ಮೇವು ಸಿಗದ ಬ್ಯಾಂಟಮ್ ಮರಿ ಮೊದಲ ಎರಡು ದಿನ ಚೆನ್ನಾಗಿಯೇ ಇದ್ದಂತೆ ಕಂಡು ಮೂರನೆಯ ನಾಲ್ಕನೆಯ ದಿನ ಇದ್ದಕ್ಕಿದ್ದಂತೆ ಕುಸಿಯುತ್ತದೆ. ರೋಗವೆಂದು ಭಾವಿಸಲಾಗುವ ಇಂಥ ಎಷ್ಟೋ ಸಾವುಗಳು ಹಸಿವಿನ ಸಾವುಗಳು. ಸಾಮಾನ್ಯ ಅಡಿಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಸಣ್ಣ ಮರಿಗಳನ್ನು ದಿನಬಿಟ್ಟು ದಿನ ತೂಗಿ ಬರೆದಿಡುವುದು ಇದನ್ನು ಮೊದಲೇ ಹಿಡಿಯುವ ಖಚಿತ ಉಪಾಯ. ತೂಕ ಏರದ ಮರಿಯನ್ನು ಕಾಯದೆ ಬೇರ್ಪಡಿಸಬೇಕು.

ಮರಿಗಳ ವಯಸ್ಸಿನ ಲೆಕ್ಕ ಇಷ್ಟೇ ಮುಖ್ಯ. ಸಾಮಾನ್ಯ ಗಾತ್ರದ ಕೋಳಿಮೊಟ್ಟೆ ಒಡೆಯಲು 21 ದಿನ ಬೇಕಾದರೆ ಬ್ಯಾಂಟಮ್ ಮೊಟ್ಟೆಗಳು 19 ಅಥವಾ 20ನೆಯ ದಿನವೇ ಒಡೆಯುವುದು ಸಾಮಾನ್ಯ. ಇದನ್ನು ಬಲ್ಲವರು ಎರಡೂ ಒಂದೇ ದಿನ ಹೊರಬರುವಂತೆ ಬ್ಯಾಂಟಮ್ ಮೊಟ್ಟೆಗಳನ್ನು ಒಂದೆರಡು ದಿನ ತಡವಾಗಿ ಕಾವಿಗೆ ಇಡುತ್ತಾರೆ. ಆದರೆ ಒಟ್ಟಿಗೆ ಸಾಕುವ ಉದ್ದೇಶವಿದ್ದಾಗ ಹೀಗೆ ಹೊಂದಿಸುವುದಕ್ಕಿಂತ ಬ್ಯಾಂಟಮ್ ಮರಿಗಳನ್ನು ನಾಲ್ಕೈದು ದಿನ ಮೊದಲೇ ಹುಟ್ಟಿಸುವುದು ಮೇಲು, ಯಾಕೆಂದರೆ ದೊಡ್ಡವು ಬರುವ ಹೊತ್ತಿಗೆ ಸಣ್ಣವು ತಿನ್ನಲು, ಕುಡಿಯಲು, ಬಿಸಿಯನ್ನು ಹುಡುಕಿಕೊಳ್ಳಲು ಕಲಿತಿರುತ್ತವೆ, ತೂಕದಲ್ಲಿಯೂ ಹೊಸಬರಿಗೆ ಹತ್ತಿರವಾಗಿರುತ್ತವೆ. ಇದಕ್ಕೆ ವಿರುದ್ಧವಾದದ್ದು, ಅಂದರೆ ಒಂದು ವಾರದ ದೊಡ್ಡ ಮರಿಗಳ ಗುಂಪಿಗೆ ಒಂದು ದಿನದ ಬ್ಯಾಂಟಮ್ ಮರಿಗಳನ್ನು ಬಿಡುವುದು, ಈ ಸಾಕಣೆಯಲ್ಲಿ ಮಾಡಬಹುದಾದ ಅತಿ ಕೆಟ್ಟ ತಪ್ಪು. ವಯಸ್ಸಿನ ಭೇದ ಗಾತ್ರಭೇದದ ಮೇಲೆ ಕೂಡಿಕೊಂಡು ಸಣ್ಣವುಗಳಿಗೆ ಯಾವ ಅವಕಾಶವನ್ನೂ ಉಳಿಸುವುದಿಲ್ಲ.

ಬೇಗ ಕೂಡಿಸುವುದರಿಂದ ದೊರೆಯುವ ಲಾಭ ದೇಹಕ್ಕೆ ಸೀಮಿತವಾದುದಲ್ಲ. ಮೊಟ್ಟೆಯೊಡೆದ ಮೊದಲ ಗಂಟೆಗಳಲ್ಲಿ ಮರಿಗಳು ಕಣ್ಣೆದುರು ಚಲಿಸುವುದನ್ನು ಹಿಂಬಾಲಿಸಲು ಕಲಿಯುತ್ತವೆ ಎಂಬುದನ್ನು ಇಂಗ್ಲೆಂಡಿನ ಡಗ್ಲಸ್ ಸ್ಪಾಲ್ಡಿಂಗ್ 1873ರಲ್ಲಿಯೇ ಕೋಳಿಮರಿಗಳ ಮೇಲಿನ ತನ್ನ ಪ್ರಯೋಗಗಳಿಂದ ತೋರಿಸಿದ್ದ. ಮರಿಗಳು ತಾಯಿಯನ್ನು ಗುರುತು ಹಿಡಿಯುವಂತೆ ಜೊತೆಯವರನ್ನೂ ಮೊದಲ ದಿನಗಳಲ್ಲಿಯೇ ಗುರುತು ಹಿಡಿಯುತ್ತವೆ, ಗುರುತಿನವುಗಳ ನಡುವೆ ಶಾಂತವಾಗಿರುತ್ತವೆ, ಅಪರಿಚಿತ ಮರಿಯನ್ನು ಕುಟುಕುತ್ತವೆ. ದೊಡ್ಡ ಮರಿ ತನ್ನ ಗೂಡಿನ ಸಣ್ಣ ಮರಿಯನ್ನು ಬೇರೆ ಜಾತಿಯೆಂದು ಬಗೆಯುವುದಿಲ್ಲ. ಹುಟ್ಟಿದಂದಿನಿಂದ ಕಂಡ ಮುಖವಾಗಿದ್ದರೆ ಸಾಕು. ಆದ್ದರಿಂದ ಮುಂದೆ ಒಂದೇ ಹಟ್ಟಿಯಲ್ಲಿ ಬದುಕಬೇಕಾದ ಎರಡು ಗಾತ್ರದ ಕೋಳಿಗಳನ್ನು ಮೊದಲು ಬೇರೆ ಬೇರೆ ಬೆಳೆಸಿ ನಾಲ್ಕನೆಯ ತಿಂಗಳಿನಲ್ಲಿ ಕೂಡಿಸುವುದಕ್ಕಿಂತ, ಎಚ್ಚರಿಕೆಯಿಂದ ಮೊದಲೇ ಕೂಡಿಸಿ ಬೆಳೆಸುವುದು ಹೆಚ್ಚು ಕ್ಷೇಮಕರ.

ಕೋಳಿಗಳಲ್ಲಿ ಯಾವುದು ಯಾವುದನ್ನು ಕುಕ್ಕಬಹುದು, ಯಾವುದು ಯಾವುದಕ್ಕೆ ದಾರಿ ಬಿಡಬೇಕು ಎಂಬ ಸ್ಥಿರವಾದ ಶ್ರೇಣಿಯಿರುತ್ತದೆ ಎಂಬುದನ್ನು ವಿಜ್ಞಾನಕ್ಕೆ ತಿಳಿಸಿದವರು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಟೊರ್ಲೈಫ್ ಶೆಲ್ಡರುಪ್–ಎಬ್ಬೆ. ಬಾಲ್ಯದಿಂದಲೂ ಕೋಳಿಗಳನ್ನು ಗಮನಿಸುತ್ತ ಬಂದಿದ್ದ ಅವರ ಪ್ರಸಿದ್ಧ ಪ್ರಬಂಧ ಪ್ರಕಟವಾದದ್ದು 1922ರಲ್ಲಿ. ಕುಕ್ಕುಶ್ರೇಣಿ ಎಂದು ಕರೆಯಬಹುದಾದ ಈ ವ್ಯವಸ್ಥೆ ಹುಟ್ಟಿನಿಂದ ಬರುವುದಲ್ಲ. ಎರಡನೆಯ ಮೂರನೆಯ ವಾರದಲ್ಲಿ ಮರಿಗಳು ಎದೆಯುಬ್ಬಿಸಿ ಎದುರುಬದುರು ಜಿಗಿಯುವ ಆಟದಂತೆ ಅದು ಆರಂಭವಾಗುತ್ತದೆ, ಆರು ವಾರ ದಾಟಿದ ಮೇಲೆ ನಿಜವಾದ ಮೇಲುಕೀಳಾಗಿ ಗಟ್ಟಿಗೊಳ್ಳುತ್ತದೆ, ಹುಂಜದ ಮರಿಗಳಲ್ಲಿ ಸ್ವಲ್ಪ ಬೇಗ. ಈ ಶ್ರೇಣಿಯಲ್ಲಿ ಗಾತ್ರಕ್ಕೆ ಬೆಲೆಯಿದೆ, ಆದರೆ ವಯಸ್ಸು, ಜಾಗದ ಪರಿಚಯ, ತಳಿಯ ಸ್ವಭಾವ ಇವುಗಳಿಗೂ ಬೆಲೆಯಿದೆ. ಇಂಗ್ಲೆಂಡಿನ ಹಳೆಯ ಕಾದಾಟದ ತಳಿಯ ಬ್ಯಾಂಟಮ್ ತನಗಿಂತ ಮೂರು ಪಟ್ಟು ದೊಡ್ಡ ಕೋಳಿಗಳನ್ನು ಓಡಿಸಬಲ್ಲದು. ದೊಡ್ಡ ಗಾತ್ರದ ಕೊಚಿನ್ ಕೋಳಿ ತೀರ ಸಾಧು. ಎಲ್ಲಕ್ಕಿಂತ ಹೆಚ್ಚು ಕಷ್ಟ ತಲೆಯ ಮೇಲೆ ಪುಕ್ಕದ ಜುಟ್ಟಿರುವ ಸಿಲ್ಕಿ ಮತ್ತು ಪೋಲಿಷ್ ತಳಿಗಳಿಗೆ, ಯಾಕೆಂದರೆ ಜುಟ್ಟು ಕಣ್ಣಿಗೆ ಅಡ್ಡಬರುವುದರಿಂದ ಮೇಲಿನಿಂದ, ಹಿಂದಿನಿಂದ ಬರುವ ಕುಕ್ಕನ್ನು ಅವು ಕಾಣಲಾರವು, ಕುಕ್ಕಿದವನಿಗೆ ಶರಣಾಗತಿಯ ಸೂಚನೆಯನ್ನು ಸಮಯಕ್ಕೆ ಕೊಡಲೂ ಆರವು. ಜುಟ್ಟಿನ ಬ್ಯಾಂಟಮ್‌ಗಳನ್ನು ಚುರುಕು ಸ್ವಭಾವದ ದೊಡ್ಡ ಮರಿಗಳ ಜೊತೆ ಸಾಕದಿರುವುದೇ ನ್ಯಾಯ.

ಆಟ ಹಿಂಸೆಯಾಗಿ ತಿರುಗುವುದು ಬಹುತೇಕ ಇಕ್ಕಟ್ಟಿನಿಂದ. ಮೊದಲ ವಾರಗಳಲ್ಲಿ ಮರಿಗೆ ಅರ್ಧ ಚದರಡಿ, ನಾಲ್ಕು ವಾರವಾದ ಮೇಲೆ ಒಂದು ಚದರಡಿ ಎಂಬ ಸಾಮಾನ್ಯ ಲೆಕ್ಕವನ್ನು ಮಿಶ್ರ ಗುಂಪಿನಲ್ಲಿ ಒಂದೂವರೆ ಪಟ್ಟಾದರೂ ಮಾಡಬೇಕು. ಓಡಿಹೋಗಲು ಜಾಗವಿದ್ದರೆ ಸೋತ ಮರಿ ಓಡುತ್ತದೆ, ವ್ಯಾಜ್ಯ ಅಲ್ಲಿಗೆ ಮುಗಿಯುತ್ತದೆ. ಅತಿಯಾದ ಬೆಳಕೂ ಕುಕ್ಕಾಟವನ್ನು ಹೆಚ್ಚಿಸುತ್ತದೆ, ಹಾಗಾಗಿ ಪ್ರಖರವಾದ ಬಿಳಿ ಬಲ್ಬಿಗಿಂತ ಕೆಂಪು ಬಲ್ಬು ವಾಸಿ. ರಕ್ತ ಕಂಡ ಕಡೆ ಮರಿಗಳೆಲ್ಲ ಕುಕ್ಕಲು ಮುಗಿಬೀಳುತ್ತವೆ. ಗಾಯಗೊಂಡ ಬ್ಯಾಂಟಮ್ ಮರಿಯನ್ನು ಆ ಕ್ಷಣವೇ ಹೊರತೆಗೆಯದಿದ್ದರೆ ಗಂಟೆಯೊಳಗೆ ಅದು ಉಳಿಯುವುದಿಲ್ಲ. ಹೊರತೆಗೆದದ್ದನ್ನು ಒಂಟಿಯಾಗಿಯೂ ಇಡಬಾರದು, ಗುಂಪು ನೋಡುವಂತೆ ಜಾಲರಿಯ ಆಚೆ ಅದರ ಗಾತ್ರದ ಇನ್ನೊಂದು ಮರಿಯ ಜೊತೆ ಇಟ್ಟು ಗಾಯ ಮಾಯ್ದ ಮೇಲೆ ಮತ್ತೆ ಬಿಡಬೇಕು, ಇಲ್ಲದಿದ್ದರೆ ಅದು ಅಪರಿಚಿತನಾಗಿ ಹಿಂದಿರುಗುತ್ತದೆ.

ಮೂರನೆಯ ವಾರದ ಹೊತ್ತಿಗೆ ಗಾತ್ರದ ಅಂತರ ಸ್ಪಷ್ಟವಾದಾಗ, ಅದೇ ಅಂತರವನ್ನು ಸಣ್ಣವುಗಳ ರಕ್ಷಣೆಗೆ ಬಳಸಿಕೊಳ್ಳುವ ಒಂದು ಸೊಗಸಾದ ಉಪಾಯವಿದೆ, ಇದು ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕು. ಗೂಡಿನ ಒಂದು ಭಾಗವನ್ನು ಹಲಗೆಯಿಂದಲೋ ತಗಡಿನಿಂದಲೋ ಬೇರೆಮಾಡಿ, ಅದರಲ್ಲಿ ಬ್ಯಾಂಟಮ್ ಮರಿ ಮಾತ್ರ ನುಸುಳಬಲ್ಲ ಕಿಂಡಿಗಳನ್ನು ಕೊರೆದು, ಒಳಗೆ ಮೇವು, ನೀರು ಮತ್ತು ಬಿಸಿಯನ್ನು ಇಡುವುದೇ ಆ ಉಪಾಯ. ಕರು, ಕುರಿಮರಿಗಳ ಸಾಕಣೆಯಲ್ಲಿ ದೊಡ್ಡ ದನಕುರಿಗಳಿಂದ ಮರಿಗಳ ಮೇವನ್ನು ಕಾಪಾಡಲು ಬಹುಕಾಲದಿಂದ ಬಳಸುತ್ತಿರುವ ವಿಧಾನವೇ ಇದು. ಕಿಂಡಿಯ ಅಳತೆಯನ್ನು ಪುಸ್ತಕ ನೋಡಿ ನಿರ್ಧರಿಸದೆ ಗುಂಪಿನ ಅತಿ ಸಣ್ಣ ದೊಡ್ಡತಳಿಯ ಮರಿ ಯಾವುದೋ ಅದು ಒಳಹೋಗದಷ್ಟು ಕಿರಿದಾಗಿ ಮಾಡಬೇಕು, ಬ್ಯಾಂಟಮ್‌ಗಳು ಬೆಳೆದಂತೆ ಹಿಗ್ಗಿಸುತ್ತ ಹೋಗಬೇಕು. ಕಿಂಡಿಗಳು ಎರಡಾದರೂ ಇರಬೇಕು. ಒಂದೇ ಇದ್ದರೆ ಬಲಿಷ್ಠ ಮರಿಯೊಂದು ಅದರ ಬಾಯಲ್ಲೇ ಕಾದು ನಿಲ್ಲುತ್ತದೆ. ಹೀಗೊಂದು ಒಳಮನೆ ಇರುವ ಗೂಡಿನಲ್ಲಿ ಎರಡೂ ಗಾತ್ರದವು ಒಂದನ್ನೊಂದು ನೋಡುತ್ತ, ಪರಿಚಯ ಕಳೆದುಕೊಳ್ಳದೆ, ಹೊಟ್ಟೆತುಂಬ ತಿಂದು ಬೆಳೆಯುತ್ತವೆ. ಪೂರ್ತಿ ಬೇರ್ಪಡಿಸುವುದಕ್ಕಿಂತ ಇದು ಮೇಲು.

ಬಲ್ಬು, ಬ್ರೂಡರ್‌ಗಳಿಗಿಂತ ಎಷ್ಟೋ ಮೊದಲಿನಿಂದ ಎರಡು ಗಾತ್ರದ ಮರಿಗಳನ್ನು ಒಟ್ಟಿಗೆ ಸಾಕುತ್ತ ಬಂದಿರುವವಳು ಕಾವಿಗೆ ಕೂರುವ ಹೇಂಟೆ. ಗಿರಿರಾಜದಂಥ ಸುಧಾರಿತ ಕೋಳಿಗಳಲ್ಲಿ ಕಾವಿಗೆ ಕೂರುವ ಗುಣ ಕಡಿಮೆಯಾಗಿರುವುದರಿಂದ ಅವುಗಳ ಮೊಟ್ಟೆಗಳನ್ನು ನಾಟಿ ಹೇಂಟೆಯ ಅಡಿಯಲ್ಲಿ ಇಟ್ಟು ಮರಿ ಮಾಡಿಸುವ ರೂಢಿ ಕರ್ನಾಟಕದ ಹಳ್ಳಿಗಳಲ್ಲಿದೆ. ಅವುಗಳ ಜೊತೆಗೆ ಅವಳದೇ ನಾಲ್ಕು ಮೊಟ್ಟೆಗಳನ್ನೂ ಬಿಟ್ಟಿದ್ದರೆ ಒಂದೇ ಮಂಕರಿಯಿಂದ ಎರಡು ಗಾತ್ರದ ಮರಿಗಳು ಹೊರಬರುತ್ತವೆ. ಇಲ್ಲಿ ಬಿಸಿಯ ತೊಡಕಿಲ್ಲ, ಚಳಿಯಾದ ಮರಿ ರೆಕ್ಕೆಯಡಿ ನುಗ್ಗುತ್ತದೆ, ಬೆಚ್ಚಗಾದದ್ದು ಹೊರಬರುತ್ತದೆ. ಮೇವಿನ ತೊಡಕೂ ಕಡಿಮೆ, ತಾಯಿ ಕೆದಕಿ ಕರೆದಾಗ ಚುರುಕಾಗಿರುವುದು ಮೊದಲು ತಲುಪುತ್ತದೆ, ನಾಟಿ ಮರಿಗಳು ಚುರುಕಿನಲ್ಲಿ ಹಿಂದೆ ಬೀಳುವುದಿಲ್ಲ. ಆದರೂ ಎರಡು ಮಿತಿಗಳನ್ನು ತಿಳಿದಿರಬೇಕು. ಮೊದಲ ಮರಿಗಳು ಹೊರಬಂದ ಒಂದೆರಡು ದಿನಗಳಲ್ಲಿ ಹೇಂಟೆ ಅವುಗಳನ್ನು ಕರೆದುಕೊಂಡು ಎದ್ದುಬಿಡುತ್ತಾಳೆ, ತಡವಾಗಿ ಒಡೆಯುವ ಮೊಟ್ಟೆಗಳು ಅಲ್ಲೇ ತಣ್ಣಗಾಗುತ್ತವೆ. ಆದ್ದರಿಂದ ಬೇಗ ಒಡೆಯುವ ಬ್ಯಾಂಟಮ್ ಮೊಟ್ಟೆಗಳನ್ನು ದೊಡ್ಡ ಮೊಟ್ಟೆಗಳ ಜೊತೆ ಒಂದೇ ದಿನ ಇಡಬಾರದು. ಇನ್ನೊಂದು, ಕಾವಿಗೆ ಕೂರುವುದರಲ್ಲಿ ಹೆಸರಾದ ಸಿಲ್ಕಿ ಅಥವಾ ಕೊಚಿನ್ ಬ್ಯಾಂಟಮ್ ಹೇಂಟೆಗೆ ದೊಡ್ಡ ಮೊಟ್ಟೆಗಳನ್ನು ನಾಲ್ಕೈದಕ್ಕಿಂತ ಹೆಚ್ಚು ಒಪ್ಪಿಸಬಾರದು, ಯಾಕೆಂದರೆ ಮೊಟ್ಟೆಗಳನ್ನು ಮುಚ್ಚಿಕೊಂಡ ಅವಳ ಮೈ ಮೂರು ವಾರ ಕಳೆದ ದೊಡ್ಡ ಮರಿಗಳನ್ನು ಮುಚ್ಚಲಾರದು. ಪುಕ್ಕ ಬಾರದ ಅವುಗಳ ಬೆನ್ನು ಹೊರಗುಳಿದು ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೋಯುತ್ತದೆ. ಗಾತ್ರಭೇದದಿಂದ ದೊಡ್ಡ ಮರಿಗಳೇ ಕಷ್ಟಪಡುವ ಅಪರೂಪದ ಸಂದರ್ಭ ಇದು.

ರೋಗಗಳ ವಿಷಯದಲ್ಲಿ ಗಾತ್ರಕ್ಕಿಂತ ಮೂಲ ಹೆಚ್ಚು ಮುಖ್ಯ. ಹ್ಯಾಚರಿಯಿಂದ ಬರುವ ದೊಡ್ಡ ತಳಿಯ ಮರಿಗಳಿಗೆ ಹುಟ್ಟಿದ ದಿನವೇ ಮಾರೆಕ್ಸ್ ರೋಗದ ಲಸಿಕೆ ಆಗಿರುವುದು ಸಾಮಾನ್ಯ, ಹವ್ಯಾಸಿಗಳ ಮನೆಯಲ್ಲಿ ಹುಟ್ಟಿದ ಬ್ಯಾಂಟಮ್ ಮರಿಗಳಿಗೆ ಅದು ಆಗಿರುವುದು ಅಪರೂಪ. ನರಗಳನ್ನು ಹಿಡಿದು ಕಾಲು ಸೋಲಿಸುವ, ಒಳ ಅಂಗಗಳಲ್ಲಿ ಗಡ್ಡೆ ಬೆಳೆಸುವ ಈ ವೈರಸ್ ರೋಗದ ಲಸಿಕೆ ಹಕ್ಕಿಯನ್ನು ರೋಗಲಕ್ಷಣದಿಂದ ಕಾಪಾಡುತ್ತದೆಯೇ ಹೊರತು ಸೋಂಕು ತಗಲುವುದನ್ನಾಗಲಿ ಗರಿಗಳ ಧೂಳಿನ ಮೂಲಕ ಹರಡುವುದನ್ನಾಗಲಿ ಪೂರ್ತಿ ತಡೆಯುವುದಿಲ್ಲ. ಆರೋಗ್ಯವಾಗಿ ಕಾಣುವ ದೊಡ್ಡ ಮರಿಯಿಂದ ಲಸಿಕೆಯಿಲ್ಲದ ಸಣ್ಣದಕ್ಕೆ ಅದು ದಾಟಬಹುದಾದ್ದರಿಂದ ಎರಡು ಕಡೆಯಿಂದ ಮರಿಗಳನ್ನು ತರುವಾಗ ಯಾವುದಕ್ಕೆ ಯಾವ ಲಸಿಕೆಯಾಗಿದೆ ಎಂದು ಕೇಳಿ ಬರೆದುಕೊಳ್ಳಬೇಕು. ಉತ್ತರಾಖಂಡದ ರಾಣಿಖೇತ್ ಊರಿನ ಹೆಸರು ಹೊತ್ತ ರಾಣಿಖೇತ್ ರೋಗಕ್ಕೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹಾಕುವ ಲಸಿಕೆಯ ಹನಿ ಎರಡೂ ಗಾತ್ರದ ಮರಿಗಳಿಗೆ ಒಂದೇ ಪ್ರಮಾಣದ್ದು, ಸಣ್ಣದೆಂದು ಅರ್ಧ ಹನಿ ಹಾಕುವಂತಿಲ್ಲ; ಔಷಧಗಳು ಹಾಗಲ್ಲ, ತೂಕಕ್ಕೆ ತಕ್ಕಂತೆ ಪಶುವೈದ್ಯರೇ ಹೇಳಬೇಕು. ಕರುಳಿಗೆ ಹತ್ತಿ ಹಿಕ್ಕೆಯಲ್ಲಿ ರಕ್ತ ಬರಿಸುವ ಕಾಕ್ಸಿಡಿಯೋಸಿಸ್ ಎಂಬ ಪರಾವಲಂಬಿ ರೋಗ ಮೂರರಿಂದ ಆರನೆಯ ವಾರದ ನಡುವೆ, ಅದರಲ್ಲಿಯೂ ಹೊಟ್ಟು ತೇವವಾಗಿದ್ದಾಗ, ಹೆಚ್ಚು. ದೊಡ್ಡ ಮರಿಗಳು ಹಾಕುವ ಹಿಕ್ಕೆಯೂ ಹೆಚ್ಚು, ಚೆಲ್ಲುವ ನೀರೂ ಹೆಚ್ಚು. ಹಾಗಾಗಿ ಮಿಶ್ರ ಗೂಡಿನ ಹೊಟ್ಟನ್ನು ಬ್ಯಾಂಟಮ್‌ಗಳ ಗೂಡಿನದಕ್ಕಿಂತ ಹೆಚ್ಚು ಸಲ ಬದಲಿಸಬೇಕಾಗುತ್ತದೆ.

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಕೂಡಿಸಲೇಬಾರದ ಜೋಡಿಯೊಂದಿದೆ. ಮಾಂಸಕ್ಕಾಗಿ ರೂಪಿಸಿದ ಬ್ರಾಯ್ಲರ್ ಮರಿ ಐದಾರು ವಾರಗಳಲ್ಲಿಯೇ ಎರಡು ಕಿಲೋ ದಾಟುತ್ತದೆ, ಆ ವಯಸ್ಸಿನ ಬ್ಯಾಂಟಮ್ ಮರಿ ಇನ್ನೂ ಕೆಲವು ನೂರು ಗ್ರಾಂನಲ್ಲಿರುತ್ತದೆ. ಮೇವಿನ ತಟ್ಟೆಯ ಸುತ್ತ ಬ್ರಾಯ್ಲರ್ ಮರಿಗಳು ಮಲಗಿಬಿಟ್ಟರೆ ಸಣ್ಣವಕ್ಕೆ ಅತ್ತ ಸುಳಿಯಲೂ ದಾರಿಯಿಲ್ಲ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಬಣ್ಣ ಹಚ್ಚಿದ ಬ್ರಾಯ್ಲರ್ ಮರಿಗಳನ್ನು ಮಕ್ಕಳ ಆಸೆಗೆ ತಂದು ಬ್ಯಾಂಟಮ್‌ಗಳ ಜೊತೆ ಬಿಡುವುದು ಎರಡಕ್ಕೂ ಮಾಡುವ ಅನ್ಯಾಯ. ಸಾಮಾನ್ಯ ಗಾತ್ರದ ತಳಿಗಳ ಜೊತೆ ಬೆಳೆದ ಬ್ಯಾಂಟಮ್‌ಗಳಾದರೂ ಹುಂಜಗಳು ಪ್ರಾಯಕ್ಕೆ ಬರುವ ನಾಲ್ಕೈದನೆಯ ತಿಂಗಳಿನಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಒಳಗಾಗುತ್ತವೆ. ಬ್ಯಾಂಟಮ್ ಹುಂಜ ದೊಡ್ಡ ಹೇಂಟೆಗಳ ನಡುವೆ ಇದ್ದರೆ ಯಾರಿಗೂ ಹಾನಿಯಿಲ್ಲ. ನಾಲ್ಕೈದು ಕಿಲೋದ ಹುಂಜ ಬೆನ್ನೇರಿದರೆ ಅರ್ಧ ಕಿಲೋದ ಹೇಂಟೆಯ ಬೆನ್ನು ಹರಿಯುತ್ತದೆ, ಮೂಳೆ ಮುರಿಯುವುದೂ ಉಂಟು. ದೊಡ್ಡ ಹೇಂಟೆ ಮರಿಗಳು ಬ್ಯಾಂಟಮ್‌ಗಳ ಜೊತೆಗೇ ಹಟ್ಟಿಯಲ್ಲಿ ಉಳಿಯಬಹುದು. ದೊಡ್ಡ ಹುಂಜದ ಮರಿಗಳನ್ನು, ಹುಟ್ಟಿದಂದಿನಿಂದ ಎಷ್ಟೇ ಅನ್ಯೋನ್ಯವಾಗಿ ಬೆಳೆದಿದ್ದರೂ, ಮೊದಲ ಕೂಗು ಕೇಳಿದ ವಾರವೇ ಬ್ಯಾಂಟಮ್ ಹೇಂಟೆಗಳಿಂದ ಬೇರೆ ಹಟ್ಟಿಗೆ ಸಾಗಿಸಬೇಕು.